ಹೆಂಡತಿಯ ತೊಳೆದ ಕೈ

ನನ್ನ ಹೆಂಡತಿ ನರ್ಸು, ನಾನು ಟೈಲರು. ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂಬುದು ನಮ್ಮ ಬೀದಿಗೆಲ್ಲ ಗೊತ್ತು, ನಾನೂ ಅದನ್ನು ಮುಚ್ಚಿಡುವುದಿಲ್ಲ. ಬೇರೆ ಗಂಡಸರು ಹೆಂಡತಿಯನ್ನು ಯಾವನೋ ನೋಡಿದ ಎಂದು ಎಗರಾಡುತ್ತಾರೆ. ನನ್ನದು ಹಾಗಲ್ಲ. ಅವಳ ವಾರ್ಡಿನಲ್ಲಿ ಮಲಗಿರುವ ಅಷ್ಟೂ ರೋಗಿಗಳು, ಗಂಡಾಗಲಿ ಹೆಣ್ಣಾಗಲಿ, ಹಲ್ಲು ಉದುರಿದ ಮುದುಕರಾಗಲಿ, ನನಗೆ ಸವತಿಯರೇ.

ಯಾಕೆ ಎಂದರೆ, ಕೆಲಸ ಮುಗಿಸಿ ಮನೆಗೆ ಬಂದವಳು ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಎರಡೂ ಕೈಯನ್ನು ಮೈಗೆ ತಾಗದಂತೆ ಮುಂದೆ ಹಿಡಿದುಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿ ನೇರ ಬಚ್ಚಲಿಗೆ ನಡೆಯುತ್ತಾಳೆ. ಸ್ನಾನವಾಗುವವರೆಗೆ ನನ್ನನ್ನು ಮುಟ್ಟುವುದಿಲ್ಲ, ಮಗಳನ್ನೂ ಮುಟ್ಟುವುದಿಲ್ಲ. ಅಪ್ಪ, ಅಮ್ಮ ಆದಮೇಲೆ ನಮ್ಮ ಮಗಳು ಕಲಿತ ಮೊದಲ ಮಾತೇ "ಸ್ನಾನ ಆಯ್ತಾ?" ಅಂತ. ಸ್ನಾನ ಮುಗಿಯುವ ಹೊತ್ತಿಗೆ ಹೆಂಡತಿಗೆ ನಿದ್ದೆ ಎಳೆಯುತ್ತಿರುತ್ತದೆ. ದಿನವಿಡೀ ಕಂಡವರ ಗಾಯ ತೊಳೆದು, ಕಂಡವರ ಬೆನ್ನು ಒರೆಸಿ, ಕಂಡವರ ಹಣೆ ಮುಟ್ಟಿ ನೋಡಿದ ಕೈ ನನ್ನ ಪಾಲಿಗೆ ಬರುವಾಗ ಬರೀ ಸೋಪಿನ ವಾಸನೆ. ತೊಳೆದು ತೊಳೆದು ಬೆರಳಿನ ಗೆಣ್ಣುಗಳೆಲ್ಲ ಬಿರುಕು ಬಿಟ್ಟಿವೆ.

"ನಾನೂ ಒಂದಿನ ಬಂದು ನಿನ್ನ ವಾರ್ಡಲ್ಲಿ ಮಲಗ್ತೀನಿ. ಆಗಲಾದ್ರೂ ನನ್ನನ್ನ ನೋಡ್ಕೊಳ್ತೀಯೋ ಏನೋ" ಎಂದೆ ಒಮ್ಮೆ.

"ಬಿಡ್ತು ಅನ್ನಿ!" ಎಂದಳು. ನಾನು ಬೇಕೆಂದೇ ಅನ್ನಲಿಲ್ಲ.

ಆಡಿದ ಮಾತು ಫಲಿಸಿತು. ಹೊಲಿಗೆ ಯಂತ್ರದ ಸೂಜಿ ನನ್ನ ಬಲಗೈ ತೋರುಬೆರಳಿಗೆ ನಾಟಿತು. ಅಂದು ಅವಳು ಯಾರೋ ಅಜ್ಜಿಗೆ ಜ್ವರ ಇಳಿದಿಲ್ಲವೆಂದು ತಡವಾಗಿ ಬಂದಿದ್ದಳು. ನಾನು ಮುಖ ಊದಿಸಿಕೊಂಡಿದ್ದೆ, ಬೆರಳಿನ ವಿಷಯ ಎತ್ತಲೇ ಇಲ್ಲ. ಅಂಗಡಿಯ ನೆಲದಲ್ಲಿ ಬಿದ್ದಿದ್ದ ಬಟ್ಟೆಚೂರೊಂದನ್ನು ಸುತ್ತಿ ಬಿಗಿದು ಸುಮ್ಮನಾದೆ. ಬೆರಳು ಊದಿ ಕತ್ತರಿ ಹಿಡಿಯಲಾಗದೆ ಹೋದಾಗ ಅವಳ ಕಣ್ಣಿಗೆ ಬಿತ್ತು. ಚೂರನ್ನು ಬಿಚ್ಚಿ ನೋಡಿದಳು. ಬೈಯಲಿಲ್ಲ, ಅವಳ ಮುಖ ಮಾತ್ರ ಸುಣ್ಣದ ಗೋಡೆಯಂತಾಯಿತು.

ಡಾಕ್ಟರು ಬೆರಳು ಸೀಳಿ ಕೀವು ತೆಗೆದರು. "ನಂಜು ಕೀಲಿಗೆ ಇಳಿದ್ರೆ ಬೆರಳು ತೆಗೀಬೇಕಾಗುತ್ತೆ. ಈ ಗಾಯಕ್ಕೆ ಇನ್ನೊಂದು ಸೋಂಕು ತಾಗಬಾರದು, ಅಷ್ಟೇ" ಎಂದರು. ಆ ಬೆರಳಿಲ್ಲದ ಟೈಲರು ಗುಂಡಿಯನ್ನೂ ಹಾಕಲಾರ. ಆದರೂ ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನನ್ನು ಅವಳದೇ ವಾರ್ಡಿನಲ್ಲಿ ಮಲಗಿಸಿದಾಗ ಒಳಗೊಳಗೇ ಖುಷಿಯಾಯಿತು. ಇನ್ನು ಆ ಕೈ ನನ್ನದು ಎಂದುಕೊಂಡೆ.

ಬೆಳಿಗ್ಗೆ ಡ್ರೆಸ್ಸಿಂಗ್ ಮಾಡಲು ಬಂದವಳು ಯಾವಳೋ ಎಳೆ ವಯಸ್ಸಿನ ನರ್ಸು.

"ನಮ್ಮನೆಯವಳು ಎಲ್ಲಿ?" ಎಂದೆ.

"ಅಕ್ಕ ಕೊನೇ ರೂಮಲ್ಲಿದ್ದಾರೆ. ಅಲ್ಲಿರೋ ಡ್ರೈವರ್ ಕಾಲಿನ ಗಾಯದಲ್ಲಿ ಯಾವ ಔಷಧಿಗೂ ಬಗ್ಗದ ಕ್ರಿಮಿ ಇದೆ. ಆ ರೂಮಿನ ಡ್ಯೂಟಿ ಮಾಡಿದವರು ಬೇರೆಯವರ ಹಸಿ ಗಾಯ ಮುಟ್ಟೋ ಹಾಗಿಲ್ಲ."

"ಪಾಪ, ಅವಳ ತಲೆಗೇ ಕಟ್ಟಿದ್ರಾ?"

"ಇಲ್ಲ, ಅವರೇ ಕೇಳಿ ತಗೊಂಡ್ರು."

ನನ್ನ ಮೈಯೆಲ್ಲ ಉರಿದುಹೋಯಿತು. ಕಟ್ಟಿಕೊಂಡ ಗಂಡ ಇಲ್ಲಿ ಬೆರಳು ಕಳೆದುಕೊಳ್ಳುತ್ತ ಕೂತಿರುವಾಗ ಕೇಳಿ ಪಡೆದು ಡ್ರೈವರನ ಕಾಲು ತೊಳೆಯಲು ಹೋಗಿದ್ದಾಳೆ! ಅವಳು ವಾರ್ಡಿನಲ್ಲಿ ಹಾದುಹೋಗುವಾಗ ನನ್ನ ಮಂಚದಿಂದ ಮಾರುದೂರ ನಿಂತು "ಜ್ವರ ಇದೆಯಾ?" ಎಂದು ಕೇಳಿ ಹೋಗುತ್ತಿದ್ದಳು. ಕೊನೆಯ ರೂಮಿನಿಂದ ಡ್ರೈವರನ ನಗು ಕೇಳುತ್ತಿತ್ತು, ಒಮ್ಮೊಮ್ಮೆ ಅವಳದೂ ಕೇಳುತ್ತಿತ್ತು. ಆಮೇಲೆ ಸದ್ದಡಗುತ್ತಿತ್ತು. ಗಾಯ ತೆರೆದಿರುವಾಗ ಯಾರೂ ಮಾತಾಡಬಾರದು ಎಂಬುದು ಅವಳ ನಿಯಮ, ನನಗೂ ಗೊತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ನಗುವಿಗಿಂತ ಆ ಮೌನವೇ ಕಷ್ಟ.

ತಡೆಯಲಾಗದೆ ಎದ್ದೆ. "ಒಳಗೆ ಬರಬೇಡಿ" ಎಂದು ಬರೆದಿದ್ದ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ನುಗ್ಗಿದೆ. ಅವಳು ನಿಲುವಂಗಿ, ಮಾಸ್ಕು, ಕೈಗವಸು ಹಾಕಿಕೊಂಡು ಚಿಮಟದಲ್ಲಿ ಹತ್ತಿ ಹಿಡಿದು ಬಗ್ಗಿದ್ದಳು. ಎಷ್ಟು ಹದವಾಗಿ ಒರೆಸುತ್ತಿದ್ದಳೆಂದರೆ ಡ್ರೈವರು ಕಣ್ಣು ಮುಚ್ಚಿಕೊಂಡಿದ್ದ.

"ಇವನ ಕಾಲಿಗೆ ಪುರುಸೊತ್ತಿದೆ, ನನ್ನ ಬೆರಳಿಗೆ ಮಾತ್ರ ಇಲ್ಲ ಅಲ್ವಾ?" ಎಂದು ಕೂಗಿ, ಆ ರಭಸಕ್ಕೆ ಬ್ಯಾಂಡೇಜು ಕಟ್ಟಿದ ಕೈಯನ್ನು ಅವನ ಮಂಚದ ಸರಳಿನ ಮೇಲೆ ಊರಿದೆ.

"ಅಯ್ಯೋ! ಆ ಕೈ ತೆಗೀರಿ! ಮೇಲಕ್ಕೆತ್ತಿ ಹಿಡೀರಿ, ಎಲ್ಲೂ ತಾಗಿಸಬೇಡಿ!" ಅವಳು ನನ್ನತ್ತ ಒಂದು ಹೆಜ್ಜೆ ಇಟ್ಟು ಗಕ್ಕನೆ ನಿಂತಳು. ಅವಳ ಕೈಗವಸಿನ ತುಂಬ ಡ್ರೈವರನ ಗಾಯದ ಕೊಳೆ ಇತ್ತು, ನನ್ನನ್ನು ಮುಟ್ಟುವಂತಿರಲಿಲ್ಲ. ಎರಡೂ ಕೈ ಎದೆಯ ಮುಂದೆ ಎತ್ತಿ ಹಿಡಿದು "ಹೆಡ್ ಸಿಸ್ಟರ್, ಬೇಗ ಬನ್ನಿ!" ಎಂದು ಕೂಗಿದಳು. ಚಿಮಟ ಜಾರಿ ನೆಲಕ್ಕೆ ಬಿತ್ತು. ಕೈಗಳು ಗಡಗಡ ನಡುಗುತ್ತಿದ್ದವು.

ಡ್ರೈವರು ಕಣ್ಣು ಬಿಟ್ಟ. "ಸಿಸ್ಟರ್ ಕೈ ನಡುಗೋದು ನಾನು ಯಾವತ್ತೂ ನೋಡಿಲ್ಲ ಕಣ್ರೀ. ನೀವ್ಯಾರು?"

"ಅವಳ ಗಂಡ" ಎಂದೆ, ಮೇಲೆತ್ತಿದ ಕೈಯಲ್ಲೇ.

ಹೆಡ್ ಸಿಸ್ಟರ್ ನನ್ನನ್ನು ಎಳೆದೊಯ್ದು, ಕಟ್ಟು ಬಿಚ್ಚಿ ಎಸೆದು, ತಾವು ಕೈ ತೊಳೆದು ಗವಸು ಹಾಕಿಕೊಂಡು, ಗಾಯವನ್ನು ಮೊದಲಿನಿಂದ ತೊಳೆದರು. ಹೊಸ ಕಟ್ಟು ಕಟ್ಟಿದ ಮೇಲೆ ಬಾಯಿ ಬಿಟ್ಟರು. "ಮೊದಲ ದಿನ ಬೆಳಿಗ್ಗೆ ನಿಮಗೆ ಅಂತ ಡ್ರೆಸ್ಸಿಂಗ್ ಟ್ರೇ ಜೋಡಿಸೋಕೆ ಹೋಗಿ ಅವಳು ಮತ್ತೆ ಮತ್ತೆ ಚಿಮಟ ಬೀಳಿಸಿದ್ಲು. 'ನಡುಗೋ ಕೈಲಿ ಗಾಯ ಮುಟ್ಟಬಾರದು, ಇವರದು ನನ್ನ ಕೈಲಿ ಆಗಲ್ಲ' ಅಂತ ತಾನೇ ಆ ರೂಮು ಕೇಳಿಕೊಂಡ್ಲು. ನೀವು ನೋಡಿದ್ರೆ ಅಲ್ಲಿಗೇ ಹೋಗಿ ಕೈ ಇಟ್ರಿ."

ಆಮೇಲೆ ಬೆರಳಿನ ಕಟ್ಟು ಬಿಚ್ಚಿದಾಗಲೆಲ್ಲ ನನಗೆ ಜೀವ ಬಾಯಿಗೆ ಬರುತ್ತಿತ್ತು. ಹೊಸ ಸೋಂಕು ತಾಗಲಿಲ್ಲ, ಬೆರಳು ಉಳಿಯಿತು. ತುದಿ ಮಡಚುವುದಿಲ್ಲ, ಆದರೂ ಕತ್ತರಿ ಹಿಡಿಯುತ್ತದೆ.

ಮನೆಗೆ ಬಂದಮೇಲೆ ಉಳಿದ ಡ್ರೆಸ್ಸಿಂಗ್ ಅವಳ ಪಾಲಿಗೇ ಬಂತು. ಅಷ್ಟರಲ್ಲಿ ಆ ರೂಮಿನ ಡ್ಯೂಟಿಯೂ ಮುಗಿದಿತ್ತು. ಅವತ್ತು ಎಂದಿನಂತೆ ಬಂದಳು, ಎಂದಿನಂತೆ ನೇರ ಬಚ್ಚಲಿಗೆ ಹೋದಳು. ನಾನು ಟವೆಲ್ ಹಿಡಿದು ಕಾದೆ. ಸ್ನಾನ ಮುಗಿಸಿ, ಮತ್ತೆ ಕೈ ತೊಳೆದು, ನನ್ನ ಎದುರು ಕೂತು ಕಟ್ಟು ಬಿಚ್ಚಿದಳು.

"ನಿನ್ನ ಕೈ ಇನ್ನೂ ನಡುಗ್ತಿದೆಯಲ್ಲೇ" ಎಂದೆ.

"ಬಾಯಿ ಮುಚ್ಕೊಂಡಿರಿ, ಗಾಯದ ಮೇಲೆ ಎಂಜಲು ಹಾರುತ್ತೆ" ಎಂದಳು.

ಮುಚ್ಚಿಕೊಂಡೆ. ಈ ಮಾತನ್ನು ಅವಳು ಆ ಡ್ರೈವರನಿಗೂ ಹೇಳಿರುತ್ತಾಳೆ. ಕೈ ಮಾತ್ರ ನಡುಗಿರುವುದಿಲ್ಲ.