ಎರಡು ಸಲ ಪಾಸಾದ ನೀರು

ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ರಿಮಿ ಸಾಯುತ್ತವೆ, ನಿಜ. ಆದರೆ ನೀರಿನಲ್ಲಿ ಕೊಳೆತ ಎಲೆ, ಕಸ ಇದ್ದರೆ ಅದೇ ಪೌಡರು ಬೇರೆ ವಿಷ ಹುಟ್ಟಿಸುತ್ತದೆ. ಕ್ರಿಮಿ, ವಿಷ ಎರಡನ್ನೂ ಪರೀಕ್ಷಿಸುವುದು ಬೀದರಿನ ಲ್ಯಾಬಿನಲ್ಲಿ ನನ್ನ ಕೆಲಸ.

ಔರಾದ್ ಕಡೆಯ ಒಂದು ಹಳ್ಳಿಗೆ ವಿಷದ ಟೆಸ್ಟಿನ ಸ್ಯಾಂಪಲ್ ತರಲು ಹೋಗಿದ್ದೆ. ಆ ವಿಷ ಗಾಳಿಗೆ ಹಾರಿಹೋಗಬಾರದೆಂದು ಒಂದು ಗುಳ್ಳೆಯೂ ಉಳಿಯದಂತೆ ಶೀಶೆ ತುಂಬುತ್ತಿದ್ದರೆ, ಅಲ್ಲಿನ ವಯಸ್ಸಾದ ವಾಟರ್‌ಮನ್ ಪಕ್ಕದಲ್ಲೇ ಕೂತು ನೋಡುತ್ತಿದ್ದ.

“ಬೇಫಿಕರ್ ಇರ್ರಿ ಸಾಹೇಬ್ರ, ಪಾಸ್ ಆಗ್ತದ. ನೀವು ಬರ್ತೀರಂತ ಫೋನ್ ಬಂದ ದಿನದಿಂದ ಪೌಡರ್ ಹಾಕದು ಬಿಟ್ಟೀನ್ರಿ.”

ಶೀಶೆ ಕೆಳಗಿಟ್ಟು ಕೇಳಿದೆ. “ಹೋದ ತಿಂಗಳ ಕ್ರಿಮಿ ಟೆಸ್ಟಿಗಿ ಏನ್ ಮಾಡಿದ್ದಿ ಕಾಕಾ?”

“ಆವಾಗ ಡಬಲ್ ಹಾಕಿದ್ದೆರಿ. ಅದೂ ಪಾಸ್ ಆಯ್ತಲ್ರಿ.”

ಬೈಯಲಾಗಲಿಲ್ಲ. ಬೀಗರು ಬರುವ ಮುಂಚೆ ಅಂಗಳ ಗುಡಿಸಿಟ್ಟವನ ಸಮಾಧಾನ ಆತನ ಮುಖದಲ್ಲಿತ್ತು. ಮೊದಲೇ ಫೋನ್ ಮಾಡಿ ತಿಳಿಸಬೇಕೆಂಬ ನಿಯಮವೂ ನಮ್ಮದೇ. ಆತ ಹೇಳಿದ್ದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದುಕೊಟ್ಟೆ, ಮೇಲಿನವರು ಅದನ್ನು ಹರಿದು ಹೊಸ ಫಾರ್ಮ್ ಕೈಗಿಟ್ಟರು.

ಕ್ರಿಮಿಯದು, ವಿಷದ್ದು, ಎರಡೂ ರಿಪೋರ್ಟಿನ ಕೆಳಗೆ ನನ್ನ ಸಹಿ ಇದೆ. ಎರಡರಲ್ಲೂ ನೀರು ಕುಡಿಯಲು ಯೋಗ್ಯ. ಊರಿನವರು ಕುಡಿಯುವುದು ಮಾತ್ರ ಉಳಿದ ದಿನಗಳ ನೀರು.