ಗೋರಂಟಿ ಮೆತ್ತಿದ ಕೈ

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ಬಿಚ್ಚುವ ನಮ್ಮಂಥ ಹೆಂಗಸರ ಅಂಗೈ ತುಂಬ ಗೋರಂಟಿ. ಸಿಂಗಾರಕ್ಕಲ್ಲ. ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವಾಗ ಚರ್ಮ ಸುಲಿಯದಿರಲಿ ಎಂದು ಅರೆದು ಮೆತ್ತಿಕೊಳ್ಳುತ್ತೇವೆ. ಕೈ ಊದುವುದು, ಗುಳ್ಳೆ ಏಳುವುದು ನಮಗೆ ನೆಗಡಿಯಿದ್ದಂತೆ. ಬಲಗೈ ಕಿರುಬೆರಳಿನ ಬುಡದಲ್ಲಿ ಗಂಟು ಎದ್ದಾಗ ಅದರ ಮೇಲೂ ಗೋರಂಟಿ ಮೆತ್ತಿದೆ. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಯಾರು ಆಸ್ಪತ್ರೆಗೆ ಹೋಗುತ್ತಾರೆ?

ಹುಣಸೆಬೀಜದಷ್ಟಾದಾಗ ಒಬ್ಬ ಡಾಕ್ಟರು ಕೊಯ್ದು, "ಕೊಬ್ಬಿನ ಗಂಟಮ್ಮ, ಏನಿಲ್ಲ" ಎಂದು ಬಿಸಾಡಿದರು. ಅದು ನಿಂಬೆಕಾಯಿಯಾಗಿ ವಾಪಸು ಬಂತು. ಬೆಂಗಳೂರಿಗೆ ಹೋದೆ. ಚೂರು ತೆಗೆದು ಪರೀಕ್ಷೆ ಮಾಡಿ, ಮಾಂಸದೊಳಗೆ ಹುಟ್ಟಿದ ಕ್ಯಾನ್ಸರ್ ಎಂದರು.

ಅಲ್ಲಿಯ ಡಾಕ್ಟರಮ್ಮ ಕೊಯ್ಯುವ ಗೆರೆಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಎಳೆದರು. ಗೋರಂಟಿಯ ಕಪ್ಪಿನಲ್ಲಿ ಗೆರೆ ಕಾಣಲೇ ಇಲ್ಲ.

"ಏನಜ್ಜಿ, ಯಾರ ಮದುವೆ?"

"ನಿಂದೇ ಕಣಮ್ಮ. ಎಷ್ಟು ಬೆರಳು ತೆಗೀತೀಯ, ಅದ್ನ ಹೇಳು."

"ಕಿರುಬೆರಳು, ಉಂಗುರದ ಬೆರಳು, ಜೊತೆಗೆ ಅಂಗೈ ಅಂಚು. ತೆಗೆದಿದ್ದನ್ನ ಪರೀಕ್ಷೆಗೆ ಕಳಿಸ್ತೀವಿ. ಅದರ ಅಂಚಲ್ಲಿ ರೋಗ ಇಲ್ಲ ಅಂದ್ರೆ ಮಿಕ್ಕ ಕೈ ಉಳೀತು. ಇದ್ರೆ ಪೂರ್ತಿ ಕೈ ತೆಗೀಬೇಕಾಗ್ಬಹುದು."

"ಹೆಬ್ಬೆರಳು, ತೋರುಬೆರಳು ಬಿಡು ಸಾಕು. ಎಳೆ ಹಿಡಿಯೋದು ಅವೇ."

ಅವರು ನನ್ನ ಕೈ ಮಗುಚಿ, ಹಿಂಗೈ ಮೇಲೆ ಗೆರೆ ಎಳೆದರು.

ಕೊಯ್ದು ಮನೆಗೆ ಕಳಿಸಿದರು. ಪರೀಕ್ಷೆ ಮುಗಿದ ಮೇಲೆ ನಮ್ಮ ಬೀದಿಯ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡುವುದೆಂದಾಯಿತು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಎಡಗೈಯಲ್ಲಿ ಅಕ್ಕಿ ಕೇರಲು ಹೋಗಿ ಮೊರ ಬೋರಲು ಹಾಕಿದೆ. ಇಲ್ಲದ ಕಿರುಬೆರಳು ಕಡಿಯುತ್ತಿತ್ತು. ಬ್ಯಾಂಡೇಜು ಕೆರೆದುಕೊಂಡು ಮತ್ತೆ ಅಂಗಡಿಗೆ ಹೋಗುತ್ತಿದ್ದೆ.

"ಅಜ್ಜಿ, ಫೋನು ಬಂದ್ರೆ ನಾನೇ ಓಡಿ ಬರ್ತೀನಿ. ನೀನು ಹಿಂಗೆ ಬಾಗಿಲಿಗೆ ಅಡ್ಡ ನಿಂತ್ರೆ ಗಿರಾಕಿ ಎಲ್ಲಿಂದ ಬರ್ತಾರೆ?"

"ನಿನ್ನ ಗಿರಾಕಿಗೆ ಬೆಂಕಿ ಬೀಳ. ತೆಗಿ, ಫೋನು ಗಂಟೆ ಹೊಡೀತೈತೆ."

ಕೊನೆಗೆ ಒಂದು ಮಧ್ಯಾಹ್ನ ಡಾಕ್ಟರಮ್ಮನ ಫೋನೇ ಬಂತು. ಅಂಚಿನಲ್ಲಿ ರೋಗವಿಲ್ಲ, ಕೈ ಉಳಿಯಿತು ಎಂದರು.

ಆಮೇಲೆ ರೋಗ ಮರುಕಳಿಸದಿರಲೆಂದು ಕೈಗೆ ಕರೆಂಟ್ ಕೊಟ್ಟರು, ಆಸ್ಪತ್ರೆಯವರು ರೇಡಿಯೇಷನ್ ಅನ್ನುವುದು. ಚರ್ಮ ಒಣಗಿದ ತೊಗಲಿನಂತಾಯಿತು. "ಇನ್ಮೇಲೆ ಈ ಕೈ ಬಿಸಿನೀರು ಮುಟ್ಟಂಗಿಲ್ಲ ಅಜ್ಜಿ" ಎಂದರು. ಎಳೆ ಹಿಡಿಯಲೆಂದು ಉಳಿಸಿಕೊಂಡ ಬೆರಳಿಗೆ ಎಳೆಯೇ ಇಲ್ಲವಾಯಿತು.

ನಾನು ಎಳೆ ಹಿಡಿಯುವಾಗ ಅದನ್ನು ಸುತ್ತುವ ಚರಕ ತಿರುಗಿಸುತ್ತಿದ್ದವಳು ಪಕ್ಕದ ಮನೆಯ ಬೂಬಮ್ಮ. ಈಗ ಅವಳು ನೀರಿನ ಮುಂದೆ, ನಾನು ಚರಕದ ಹಿಡಿಗೆ. ಮೂರು ಬೆರಳಿಗೆ ಆ ಕೆಲಸ ಬರುತ್ತದೆ. ಈ ರೋಗ ಕೈ ಬಿಟ್ಟರೂ ಎದೆಗೂಡಿಗೆ ಹೋಗಬಹುದಂತೆ. ಆಗಾಗ ಬೆಂಗಳೂರಿಗೆ ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬರುತ್ತೇನೆ. ಹೋಗುವ ದಿನ ಹತ್ತಿರವಾದರೆ ಚರಕ ಜೋರಾಗುತ್ತದೆ.

"ಮೆಲ್ಲಗೆ ಅಕ್ಕಾ, ಎಳೆ ಕಿತ್ತೋಗ್ತೈತೆ!"

"ಕಿತ್ರೆ ಹುಡುಕು. ನಾನು ಇಷ್ಟು ವರ್ಷ ಹುಡುಕ್ಲಿಲ್ವಾ?"

ಅವಳು ನೀರಿನಲ್ಲಿ ತಡಕಾಡುತ್ತಾಳೆ. ಚರಕ ನಿಂತಿರುತ್ತದೆ. ನನ್ನ ಹೆಬ್ಬೆರಳು, ತೋರುಬೆರಳು ಸುಮ್ಮನಿರದೆ ಒಂದನ್ನೊಂದು ಉಜ್ಜುತ್ತಿರುತ್ತವೆ.