ಹನ್ನೊಂದು ವಾರದ ತಲೆ

ಬರ್ಬ್ಯಾಂಕಿನ ಮುಖವಾಡದ ಕಾರ್ಖಾನೆಯಲ್ಲಿ ಅರಾಕ್ಸಿ ಟೆರ್ಜಿಯಾನ್ ಮೂವತ್ತೊಂದು ವರ್ಷದಿಂದ ಸಿನಿಮಾದ ದೆವ್ವಗಳಿಗೆ ಕೂದಲು ನೆಡುತ್ತಿದ್ದಳು. ಸಿಲಿಕೋನಿನ ಚರ್ಮಕ್ಕೆ ಸೂಜಿಯಿಂದ ಒಂದೊಂದೇ ಎಳೆ. ಈ ಸಲದ ಸತ್ತ ತಾಯಿಯ ತಲೆಯೊಂದಕ್ಕೇ ಹನ್ನೊಂದು ವಾರ ಹಿಡಿದಿತ್ತು.

ದೆವ್ವದ ಸಿನಿಮಾಗಳನ್ನು ಇಷ್ಟು ವರ್ಷ ಹಿತ್ತಿಲಲ್ಲಿ ನಿಲ್ಲಿಸಿದ್ದ ದೊಡ್ಡ ಸಿನಿಮಾ ಪ್ರಶಸ್ತಿಯವರು ಈಗ ಅವಕ್ಕೂ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದರು. ಆದರೆ ಉಣ್ಣಲು ಕೂರುವವರು ಕುಲದ ಹೆಸರು ಹೇಳಬಾರದು!

"ದೆವ್ವ ಅನ್ನಬೇಡಿ, ಪ್ಲೀಸ್," ಎಂದಳು ಪ್ರಚಾರದ ಬ್ರೂಕ್, ಭಾಷಣದ ಚೀಟಿ ಕೊಡುತ್ತ. "ಇದು ದುಃಖದ ಸಂಕೇತ. ಹೀಗೇ ಓದಿದ್ರೆ ಮೂರನೇ ಹೆಸರು ನಿಮ್ಮದೇ."

ಮೇಕಪ್ ಪ್ರಶಸ್ತಿಯ ಅರ್ಜಿಯಲ್ಲಿ ಮೂರೇ ಹೆಸರಿಗೆ ಜಾಗ. ಎರಡು ಆಗಲೇ ತುಂಬಿದ್ದವು: ಕಾರ್ಖಾನೆಯ ಮಾಲೀಕ ಕ್ರಾಪ್, ಮುಖ ಕಡೆದ ಶಿಲ್ಪಿ. ಮೂರನೆಯದಕ್ಕೆ ಕಾಯುತ್ತಿದ್ದವನು ನಿರ್ಮಾಪಕರ ಮೆಚ್ಚಿನವ; ಆ ತಲೆಯನ್ನು ಮುಟ್ಟಿಯೂ ನೋಡದವ.

ಶನಿವಾರ, ಪ್ರಶಸ್ತಿಗೆ ಮತ ಹಾಕುವ ಮೇಕಪ್ ಕಸುಬಿನವರ ಮುಂದೆ ಮೂರು ನಿಮಿಷದ ಮಾತು. ಕೆಂಪು ದೀಪ ಹತ್ತಿದರೆ ಬಾಯಿ ಮುಚ್ಚಬೇಕು. ಅರಾಕ್ಸಿ ಪಡಸಾಲೆಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಅಂಗೈಯ ಬೆವರಿಗೆ ಚೀಟಿ ಮೆತ್ತಗಾಯಿತು.

"ಏನಮ್ಮ, ಮದುವೆ ಹೆಣ್ಣಿನ ಥರ ಒದ್ದಾಡ್ತೀಯ?" ಕ್ರಾಪ್ ನಕ್ಕ.

"ನಿನ್ನ ಹೆಸರು ಆಗ್ಲೇ ಒಳಗಿದೆ. ನಗು ನೀನು."

ತಲೆಯನ್ನು ಇಟ್ಟಿದ್ದ ವೇದಿಕೆ ಹತ್ತಿದಳು. ಎದುರಿಗೆ ಇನ್ನೂರು ಜನ. ಎಲ್ಲರ ಉಗುರಿನಲ್ಲೂ ಅಂಟು, ಬಣ್ಣ. 'ಈ ಆಕೃತಿ ಒಂದು ಕುಟುಂಬದ ದುಃಖದ...' ಎಂದು ಓದಲು ಶುರುಮಾಡಿದವಳು ಚೀಟಿಯನ್ನು ಮಡಚಿಬಿಟ್ಟಳು. ಇವರಿಗೆ ಸುಳ್ಳು ಹೇಳುವುದೆಂದರೆ ಬಾಣಸಿಗರಿಗೆ ತಂಗಳು ಬಡಿಸಿದಂತೆ.

"ಸಂಕೇತ ಗಿಂಕೇತ ನಂಗೊತ್ತಿಲ್ಲ," ಎಂದುಬಿಟ್ಟಳು. "ಇದು ದೆವ್ವ. ನೀವು ಹೆದರ್ಲಿ ಅಂತ್ಲೇ ಮಾಡಿದ್ದು. ಹಣೆ ಅಂಚಲ್ಲಿ ಕೂದಲು ತೆಳ್ಳಗೆ ನೆಟ್ಟಿದೀನಿ, ಜ್ವರ ಬಂದು ಸತ್ತೋಳು ಅಂತ. ಹತ್ರ ಬಂದು ನೋಡಿ."

ಕೆಂಪು ದೀಪ ಹತ್ತಿತು. ಯಾರೂ ಗಮನಿಸಲಿಲ್ಲ; ಎಲ್ಲರೂ ಎದ್ದು ಬಂದು ತಲೆಯ ಸುತ್ತ ಮುತ್ತಿಕೊಂಡಿದ್ದರು.

ಸಿನಿಮಾ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಮೂರನೆಯ ಹೆಸರು ಅವಳದಲ್ಲ, ನಿರ್ಮಾಪಕರ ಮೆಚ್ಚಿನವನದು. ದೆವ್ವವನ್ನು ಒಳಗೆ ಕರೆದವರು ಅದನ್ನು ಹೆತ್ತವಳನ್ನು ಹೊಸ್ತಿಲಲ್ಲೇ ಬಿಟ್ಟರು. ಇದಕ್ಕೆ ಬದಲಾವಣೆ ಎನ್ನುತ್ತಾರಂತೆ.

"ಒಂದೇ ಒಂದು ಸುಳ್ಳು ಕಣೇ, ಓದಿಬಿಡಬಾರದಿತ್ತಾ?" ಕ್ರಾಪ್ ತಲೆ ತಗ್ಗಿಸಿಯೇ ಕೇಳಿದ.

"ನೀನು ಒಂದೇ ಒಂದು ನಿಜ ಬರೆದುಬಿಡಬಾರದಿತ್ತಾ? ಅರ್ಜಿಗೆ ಸಹಿ ಹಾಕಿದ್ದು ನೀನೇ ತಾನೆ?"

ಅವಳು ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿಕೊಂಡು ಕಾರ್ಖಾನೆಯಿಂದ ಹೊರಬಿದ್ದಳು.